"ನುಡಿ ಬರ್ತದೇನಪಾ ಇದ್ರಾಗ?": ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕೋ ಮುಂಚೆ ತಿಳಿಯಬೇಕಾದ್ದು

ಬೈಲಹೊಂಗಲದಲ್ಲಿ ನಮ್ಮ ಮಾಮಾ ಅವರದೊಂದು ಝೆರಾಕ್ಸ್, ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್. ಲಗ್ನಪತ್ರಿಕೆ, ತಹಶೀಲ್ದಾರರಿಗೆ ಅರ್ಜಿ, ಬಾಂಡ್ ಟೈಪಿಂಗ್, ದಿನವೂ ಇದೇ ಕೆಲಸ. ವಿಂಡೋಸ್ 10ರ ಸಪೋರ್ಟ್ ನಿಂತ ಸುದ್ದಿ ಕೇಳಿ ಫೋನ್ ಮಾಡಿದ್ರು: "ಹೊಸಾ ಮಷೀನ್ ತಗೋಬೇಕಂತ, ಖರೆ ಏನು?" ಬೇಡ ಮಾಮಾ, ಇದ್ದದ್ದಕ್ಕೇ ಲಿನಕ್ಸ್ ಹಾಕೋಣ ಅಂದೆ. ಅವರು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ನುಡಿ ಬರ್ತದೇನಪಾ ಇದ್ರಾಗ?"

ಎಂಜಿನಿಯರಿಂಗ್‌ನಲ್ಲಿ ಲಿನಕ್ಸ್ ಬಗ್ಗೆ ಪುಟಗಟ್ಟಲೆ ಉತ್ತರ ಬರೆದವನು ನಾನು. ಈ ಪ್ರಶ್ನೆ ಮಾತ್ರ ಯಾವ ಪೇಪರಿನಲ್ಲೂ ಬಂದಿರಲಿಲ್ಲ.

ಈಗ್ಯಾಕೆ ಈ ಮಾತು?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಲ್ಲಿಸಿತು. ಹೆಸರು ನೋಂದಾಯಿಸಿದವರಿಗೆ ಭದ್ರತಾ ಅಪ್‌ಡೇಟ್ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಮಾಮಾ ಅವರ ಮಷೀನ್ ಕೆಟ್ಟಿಲ್ಲ, ನಿಧಾನವೂ ಆಗಿಲ್ಲ. ಆದರೂ ಕಂಪನಿಯ ಲೆಕ್ಕದಲ್ಲಿ ಅದು ಗುಜರಿ.

ಲಿನಕ್ಸ್‌ಗೆ ಅಂಥ ಹಟ ಇಲ್ಲ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ, ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಕರ್ನಲ್, ಇವೆರಡರ ಮೇಲೆ ಬೆಳೆದ ವ್ಯವಸ್ಥೆ ಇದು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರೋದೂ ಅದೇ ಕರ್ನಲ್. ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಹಂಚಬಹುದು. ಹೊಸಬರಿಗೆ ನಾನು ಹೇಳೋದು ಲಿನಕ್ಸ್ ಮಿಂಟ್. ಅದರ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇಗೆ 4 ಜಿಬಿ ರ‍್ಯಾಮ್ ಇದ್ದರೆ ಧಾರಾಳ ಸಾಕು.

ಹಾಗಾದರೆ ನುಡಿ ಬರ್ತದೇನು?

ಉತ್ತರವನ್ನು ಮೂರು ಭಾಗ ಮಾಡಿ ಹೇಳಬೇಕು.

ಮೊದಲು ಕೀಲಿಮಣೆ. ನುಡಿಯಲ್ಲಿ ಬೆರಳಿಗೆ ರೂಢಿಯಾಗಿರುವುದು ಕೆ.ಪಿ. ರಾವ್ ವಿನ್ಯಾಸ. ಎಫ್ ಒತ್ತಿದರೆ ಒತ್ತಕ್ಷರ ಬರುತ್ತದಲ್ಲ, ಅದೇ. ಇದು ಲಿನಕ್ಸ್‌ನಲ್ಲೂ ಇದೆ. ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿಕೊಂಡು, ಕನ್ನಡದ ಪಟ್ಟಿಯಲ್ಲಿ 'ಕೆಜಿಪಿ' ಆರಿಸಿದರೆ ಆಯಿತು. ಮಾಮಾ ಅವರ ಬೆರಳಿಗೆ ಹೊಸದಾಗಿ ಕಲಿಯೋದು ಏನೂ ಉಳಿಯಲಿಲ್ಲ.

ಎರಡನೇದು ಫಾಂಟ್. ಗುಬ್ಬಿ, ನವಿಲು, ಲೋಹಿತ್, ನೋಟೊ, ಎಲ್ಲವೂ ಉಚಿತ, ಎಲ್ಲವೂ ಯುನಿಕೋಡ್.

ಮೂರನೇದೇ ನಿಜವಾದ ತಾಪತ್ರಯ: ಹಳೇ ಫೈಲುಗಳು. ನುಡಿಯ ಹಳೇ ಆಸ್ಕಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ವೇಷ ಹಾಕುತ್ತಿದ್ದವು. ಫಾಂಟ್ ಇಲ್ಲದ ಕಡೆ ತೆರೆದರೆ ಆ ವೇಷ ಕಳಚುತ್ತದೆ. 'ಕನ್ನಡ' ಅನ್ನೋ ಪದದ ನಡುವೆ ಪೌಂಡ್ ಚಿಹ್ನೆ ಬಂದು ಕೂತಿರುತ್ತದೆ! ಹಳೇ ನುಡಿ ಫಾಂಟನ್ನು ಲಿನಕ್ಸ್‌ಗೆ ಹಾಕಿದರೆ ಲಿಬ್ರೆ ಆಫೀಸ್‌ನಲ್ಲಿ ಓದೋದು, ಪ್ರಿಂಟ್ ತೆಗೆಯೋದು ಆಗುತ್ತದೆ. ತಿದ್ದಬೇಕೆಂದರೆ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಅರವಿಂದ ವಿ.ಕೆ. ಅವರು ರೂಪಿಸಿದ ಮುಕ್ತ ಪರಿವರ್ತಕ ಇದಕ್ಕೇ ಇದೆ. ಪರಿವರ್ತಿಸಿದ ಮೇಲೆ ಹೆಸರು, ಅಂಕಿ, ಸರ್ವೆ ನಂಬರ್ ಮಾತ್ರ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ.

ಯಾರಿಗೆ ಸರಿ, ಯಾರಿಗೆ ಕಷ್ಟ?

ಕಿತ್ತೂರಿನಲ್ಲಿ ಡಿಗ್ರಿ ಓದೋ ನನ್ನ ತಂಗಿಗೆ ಬೇಕಾಗಿದ್ದು ಬ್ರೌಸರ್, ವಿಡಿಯೊ, ಅಸೈನ್‌ಮೆಂಟ್ ಟೈಪಿಂಗ್. ಅವಳು ಒಂದೇ ದಿನದಲ್ಲಿ ಹೊಂದಿಕೊಂಡಳು. ಸವದತ್ತಿಯಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯೋ ಗೆಳೆಯನಿಗೆ ಮಾತ್ರ ನಾನೇ ಬೇಡ ಅಂದೆ. ಅವನ ಹೊಟ್ಟೆಪಾಡು ಟ್ಯಾಲಿ ಮೇಲಿದೆ, ಟ್ಯಾಲಿಯನ್ನು ವಿಂಡೋಸ್‌ಗೆಂದೇ ಮಾಡಿದ್ದಾರೆ. ಫೋಟೋಶಾಪ್, ಕೋರೆಲ್‌ಡ್ರಾ ಕೂಡ ಲಿನಕ್ಸ್‌ಗೆ ಬರೋದಿಲ್ಲ. ಗಿಂಪ್, ಇಂಕ್‌ಸ್ಕೇಪ್ ಇವೆ, ಆದರೆ ಕಲಿಯೋಕೆ ಟೈಮ್ ಕೊಡಬೇಕು. ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್, ಅಗ್ಗದ ಪ್ರಿಂಟರ್, ಇವುಗಳ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಶುರು ಮಾಡೋದು ಹೀಗೆ

1. ಎಲ್ಲ ಫೈಲುಗಳನ್ನೂ ಬೇರೊಂದು ಡಿಸ್ಕಿಗೆ ಕಾಪಿ ಮಾಡಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ.
2. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ಎಚರ್ ಬಳಸಿ ಮಿಂಟ್ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.
3. ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ. ಇನ್‌ಸ್ಟಾಲ್ ಮಾಡದೆಯೂ ನಡೆಯುತ್ತದೆ. ವೈಫೈ, ಸೌಂಡ್, ಪ್ರಿಂಟರ್ ಪರೀಕ್ಷಿಸಿ.
4. ಸರಿ ಅನ್ನಿಸಿದರೆ ವಿಂಡೋಸ್ ಪಕ್ಕದಲ್ಲೇ ಹಾಕಿ. ಒಂದು ತಿಂಗಳು ಎರಡೂ ಇರಲಿ.

ಇದರಲ್ಲಿ ರಾಜಕೀಯ ಎಲ್ಲಿದೆ?

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ರಾಮದುರ್ಗ ತಾಲೂಕಿನ ಊರುಗಳಿಗೆ ನೀರು ನುಗ್ಗಿತ್ತು. ಆಮೇಲೆ ಒಂದು ಕಚೇರಿಯಿಂದ ಬಂದ ಪರಿಹಾರದ ಪಟ್ಟಿಯಲ್ಲಿ ಪರಿಚಯದ ಒಂದು ಊರಿನ ಹೆಸರು ಹುಡುಕಿದೆ. ಫಲಿತಾಂಶ ಸೊನ್ನೆ. ಊರು ಪಟ್ಟಿಯಲ್ಲಿ ಇತ್ತು, ಆದರೆ ಆಸ್ಕಿ ವೇಷದಲ್ಲಿತ್ತು. ಪುಟ ಪುಟ ಕಣ್ಣಲ್ಲೇ ಹುಡುಕಬೇಕಾಯಿತು. ರಾಜ್ಯ ಸರ್ಕಾರ ಯುನಿಕೋಡ್ ಒಪ್ಪಿ ದಶಕವೇ ಕಳೆದಿದೆ, ಆದರೂ ಇಂಥ ಫೈಲುಗಳು ಇನ್ನೂ ಕೈಗೆ ಬರುತ್ತಿವೆ. ಮನೆ ಬಿದ್ದವರು ತಮ್ಮ ಹೆಸರು ಹುಡುಕಿಕೊಳ್ಳೋಕೆ ಇಂಥದ್ದೇ ಫಾಂಟ್ ಇರಬೇಕು ಅನ್ನೋದು ಅನ್ಯಾಯ.

ಬೇರೆ ದಾರಿ ಇಲ್ಲ ಅನ್ನೋ ಹಾಗಿಲ್ಲ. ಕೇರಳದಲ್ಲಿ 2001ರಲ್ಲಿ ಶುರುವಾದ 'ಐಟಿ ಅಟ್ ಸ್ಕೂಲ್' ಯೋಜನೆ (2017ರಿಂದ 'ಕೈಟ್') ಸರ್ಕಾರಿ ಶಾಲೆಗಳನ್ನು ಲಿನಕ್ಸ್‌ಗೆ ತಂದಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯೋದು ಲಿನಕ್ಸ್ ಮೇಲೆ, ಕನ್ನಡ ಪಠ್ಯಪುಸ್ತಕ ಇಟ್ಟುಕೊಂಡು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆನ್ನುವ ನೀತಿಯನ್ನು ಕೇಂದ್ರ ಸರ್ಕಾರವೂ 2015ರಲ್ಲೇ ತಂದಿದೆ.

ನಾವು ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ಕಂಪ್ಯೂಟರಿನಲ್ಲಿರೋ ಮಾಹಿತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ಪಡೆಯೋ ಹಕ್ಕು ನಮಗಿದೆ. ಮುಂದಿನ ಅರ್ಜಿಯಲ್ಲಿ ಸಾಫ್ಟ್ ಕಾಪಿ ಕೇಳಿ. ಯುನಿಕೋಡ್‌ನಲ್ಲಿ ಇದ್ದರೆ ಅದನ್ನೇ ಕೊಡಿ ಅಂತ ಒಂದು ಸಾಲು ಸೇರಿಸಿ.

ಮಾಮಾ ಅವರ ಅಂಗಡಿಯಲ್ಲಿ ಈಗ ಒಂದು ಕಂಪ್ಯೂಟರ್ ಮಿಂಟ್ ಮೇಲೆ ನಡೆಯುತ್ತಿದೆ. ಇನ್ನೊಂದರಲ್ಲಿ ಇಂಟರ್‌ನೆಟ್ ತೆಗೆದು, ಲಗ್ನಪತ್ರಿಕೆಯ ಕೋರೆಲ್‌ಡ್ರಾಗೆಂದು ವಿಂಡೋಸನ್ನೇ ಉಳಿಸಿದ್ದೇವೆ. ಹೊಸ ಮಷೀನಿನ ಮಾತು ಅವರು ಮತ್ತೆ ಎತ್ತಿಲ್ಲ.