ಹೆಜ್ಜಾರ್ಲೆಗಳ ತವರು

ಪ್ರಾಣಿಪಕ್ಷಿಗಳನ್ನು ನೋಡಬೇಕೆಂದರೆ ನಮಗೆ ಮೊದಲು ನೆನಪಾಗುವುದು ಬಂಡೀಪುರ, ನಾಗರಹೊಳೆ, ಇಲ್ಲವೇ ರಂಗನತಿಟ್ಟು. ಜೀಪು ಹತ್ತಬೇಕು, ದೋಣಿ ಏರಬೇಕು, ಮಕ್ಕಳ ಬಾಯಿ ಮುಚ್ಚಿಸಬೇಕು. ನನಗೆ ಇವೆಲ್ಲಕ್ಕಿಂತ ಮೆಚ್ಚಿನ ಜಾಗವೆಂದರೆ ಒಂದು ಹಳ್ಳಿಯ ಬೀದಿ. ಅಲ್ಲಿ ಹೆಂಗಸರು ಅಂಗಳ ಗುಡಿಸುತ್ತಿರುತ್ತಾರೆ, ಕೊಟ್ಟಿಗೆಯ ಮುಂದೆ ಎಮ್ಮೆ ಮೆಲುಕು ಹಾಕುತ್ತಿರುತ್ತದೆ, ತಲೆಯ ಮೇಲಿನ ಹುಣಸೆಮರದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಸಂಸಾರ ಹೂಡಿರುತ್ತವೆ. ಅದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ರಂಗನತಿಟ್ಟಿನ ಕಥೆ ಬರಹದಲ್ಲಿದೆ. ಕಾವೇರಿಯ ನಡುವಿನ ಆ ನಡುಗಡ್ಡೆಗಳ ಹಕ್ಕಿಗಳನ್ನು ಕಂಡ ಸಲೀಂ ಅಲಿಯವರು ಮೈಸೂರು ಅರಸರಿಗೆ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಬೆಳ್ಳೂರಿಗೆ ಅಂಥ ಅದೃಷ್ಟವಿರಲಿಲ್ಲ. ಮುಂದೆ ಬೆಂಗಳೂರಿನ ಬೀದಿಬೀದಿಗಳಲ್ಲಿ ಮರ ನೆಡಿಸಿ ಹೆಸರಾದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1970ರ ದಶಕದಲ್ಲಿ ಇಲ್ಲಿನ ಹೆಜ್ಜಾರ್ಲೆಗಳ ಬಗ್ಗೆ ಬರೆದ ಮೇಲೆಯೇ ಹೊರಜಗತ್ತಿಗೆ ಈ ಊರು ಗೊತ್ತಾದದ್ದು. ಆದರೆ ಊರಿನವರಿಗೆ ಅದರಲ್ಲಿ ಹೊಸದೇನಿತ್ತು? ಹಿಂದೆ ಊರು ಶಿಂಷಾ ಹೊಳೆಯ ದಡದಲ್ಲೇ ಇತ್ತಂತೆ. ಪ್ಲೇಗು ಬಂದು ಜನ ಮನೆ ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಬೆನ್ನಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ.

ಚಳಿಗಾಲದ ಹೊತ್ತಿಗೆ ಬಂದು ಮೊಟ್ಟೆಯಿಟ್ಟು, ಮರಿ ಬಲಿತ ಮೇಲೆ ಮುಂಗಾರಿನ ಸುಮಾರಿಗೆ ಇವು ಹೊರಡುತ್ತವೆ. ಹೀಗೆ ಬಂದು ಹೋಗುವವರನ್ನು ನಾವು ಏನೆಂದು ಕರೆಯುತ್ತೇವೆ? ಬೆಳ್ಳೂರಿನವರೂ ಹಾಗೆಯೇ ಕರೆದರು: ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ ಎಂಬ ನಂಬಿಕೆಯೂ ಸೇರಿಕೊಂಡಿತು. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರವೂ ಆಯಿತು.

ಆದರೆ ಬಾಣಂತನ ಬಿಟ್ಟಿಯಲ್ಲಿ ಆಗುವುದಿಲ್ಲವೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹುಣಸೆ ಹಣ್ಣಾಗುವುದು ಬೇಸಿಗೆಯ ಮೊದಲಲ್ಲಿ. ಸರಿಯಾಗಿ ಅದೇ ಹೊತ್ತಿಗೆ ಮರದ ತುಂಬ ಗೂಡು, ಗೂಡಿನ ತುಂಬ ಮರಿ. ಕೋಲು ಹಿಡಿದು ಹುಣಸೆ ಬಡಿದರೆ ಮರಿಗಳು ಉದುರುತ್ತವೆ. ಬಡಿಯದಿದ್ದರೆ ಮನೆಗೆ ಬರಬೇಕಾದ ಕಾಸು ಹೋಯಿತು. ಅದರ ಮೇಲೆ ಅಂಗಳದಲ್ಲಿ ಬಟ್ಟೆ ಒಣಹಾಕುವಂತಿಲ್ಲ, ಹಪ್ಪಳ ಹರಡುವಂತಿಲ್ಲ, ಮೀನಿನ ವಾಸನೆ ಬೇರೆ. ನಾನು ಹೋದಾಗ ಮರದಡಿ ಗುಡಿಸುತ್ತಿದ್ದ ಅಜ್ಜಿಯೊಬ್ಬರನ್ನು, "ಇಷ್ಟೆಲ್ಲ ಗಲೀಜು ದಿನಾ ಬಳಿಯೋದು ಬೇಜಾರಾಗಲ್ವಾ ಅಜ್ಜಿ?" ಎಂದು ಕೇಳಿದೆ. ಅವರು ಪೊರಕೆ ನಿಲ್ಲಿಸದೆಯೇ, "ಕೂಸು ಇದ್ದ ಮನೇಲಿ ಗಲೀಜು ಇಲ್ದೆ ಇದ್ದದಾ ಕಣವ್ವ?" ಎಂದರು.

ಆ ಮಾತು ಕೇಳಲು ಚೆಂದ. ಆದರೆ ಅಷ್ಟರಿಂದಲೇ ಮರ ಉಳಿಯುವುದಿಲ್ಲ. ಮನೆಯಲ್ಲಿ ಮದುವೆ, ಆಸ್ಪತ್ರೆಯ ಖರ್ಚು, ಪಾಲುಪಟ್ಟಿ ಎಂದು ಬಂದಾಗ ಮೊದಲು ಕಣ್ಣಿಗೆ ಬೀಳುವುದು ಹಿತ್ತಲಿನ ಮರವೇ. ಹೀಗೆ ಕಾಲಕಾಲಕ್ಕೆ ಅನೇಕ ಮರಗಳು ಹೋದವು. ಇದನ್ನು ಮನಗಂಡೇ ಅರಣ್ಯ ಇಲಾಖೆ ಗೂಡಿರುವ ಮರಗಳ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡು ಮಾಡಿತು. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರು ಬಂದು ಊರಿನವರ ಜೊತೆ ಕೆಲಸಕ್ಕೆ ನಿಂತರು. 'ಹೆಜ್ಜಾರ್ಲೆ ಬಳಗ' ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ಹಾರುವ ತನಕ ಸಾಕಿದರು. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಒಕ್ಕಲೆಬ್ಬಿಸಿ ಕಾಡು ಕಾಯುವ ಬದಲು ಒಕ್ಕಲಿರುವವರ ಕೈಯಲ್ಲೇ ಹಕ್ಕಿ ಕಾಯಿಸುವ ಕ್ರಮವಿದು.

ಕಷ್ಟ ಅಲ್ಲಿಗೂ ಮುಗಿಯಲಿಲ್ಲ. 2017ರ ಕೊನೆಯಿಂದ 2018ರವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತುಬಿದ್ದವು. ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ತಿನ್ನುವ ಮೀನಿನಿಂದ ಬಂದ ಪಿಡುಗು ಅದು. ಊರು ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ ಹಕ್ಕಿಯ ಊಟ ಸುತ್ತಲಿನ ಕೆರೆ, ಹೊಳೆಗಳಲ್ಲಿದೆ. ಆ ನೀರು ಕೆಟ್ಟರೆ ತವರಿನವರು ತಾನೇ ಏನು ಮಾಡಿಯಾರು?

ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿದರೆ ಹನ್ನೆರಡು ಕಿಲೋಮೀಟರಿನ ಆಸುಪಾಸಿನಲ್ಲಿ ಬೆಳ್ಳೂರು ಸಿಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೋಗಿ. ಹಕ್ಕಿಗಳನ್ನು ಕಣ್ತುಂಬ ನೋಡಿ. ಜೊತೆಗೆ ಆ ಮರದ ಹುಣಸೆಹಣ್ಣಿನ ಮೇಲೂ ಒಮ್ಮೆ ಕಣ್ಣಾಡಿಸಿ. ಯಾವುದೋ ಮನೆಯ ಹೆಂಗಸು ಅದನ್ನು ಬಡಿಸದೆ, ಮಾರದೆ, ಹಾಗೇ ಬಿಟ್ಟಿದ್ದಾಳೆ.