ವಿಧಾನಸಭೆಗಳ ಮೂಲಕವೇ ರಾಷ್ಟ್ರಪತಿ ಭವನಕ್ಕೆ ದಾರಿ

ರಾಷ್ಟ್ರಪತಿ ಚುನಾವಣೆಯೆಂದರೆ ದೆಹಲಿಯ ವ್ಯವಹಾರ, ಹೆಸರು ಆರಿಸುವವರು ಆಳುವ ಪಕ್ಷದ ವರಿಷ್ಠರು, ಶಾಸಕರದ್ದು ಬರೀ ಮುದ್ರೆ ಒತ್ತುವ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿಧಾನಸಭೆಯ ಮತ ಎಣಿಕೆ ನಡೆಯುವಾಗ ಮುಖ್ಯಮಂತ್ರಿ ಯಾರಾಗುತ್ತಾರೆ ಎಂದು ಲೆಕ್ಕ ಹಾಕುತ್ತೇವೆ. ಅದೇ ಎಣಿಕೆಯಲ್ಲಿ ಮುಂದಿನ ರಾಷ್ಟ್ರಪತಿಯ ಆಯ್ಕೆಯೂ ಒಂದಿಷ್ಟು ತೀರ್ಮಾನವಾಗುತ್ತಿದೆ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಆದರೆ 1952ರಿಂದೀಚಿನ ರಾಷ್ಟ್ರಪತಿ ಚುನಾವಣೆಗಳ ಅಂಕಿಗಳನ್ನು ರಾಜ್ಯಗಳ ಫಲಿತಾಂಶಗಳ ಪಕ್ಕದಲ್ಲಿಟ್ಟು ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಈ ಚುನಾವಣೆ ರಾಜ್ಯಗಳ ಜನಾದೇಶಗಳ ಒಟ್ಟು ಮೊತ್ತ. ರಾಜ್ಯಗಳೆಲ್ಲ ಒಂದೇ ಪಕ್ಷದ ಕೈಯಲ್ಲಿದ್ದಾಗ ಅದು ಶಾಸ್ತ್ರಕ್ಕೆ ನಡೆಯುವ ವಿಧಿಯಾಗಿದೆ. ರಾಜ್ಯಗಳು ಬೇರೆ ಬೇರೆ ದಿಕ್ಕು ಹಿಡಿದಾಗ ನಿಜವಾದ ಕಣವಾಗಿದೆ.

ಇದು ಆಕಸ್ಮಿಕವಾಗಿ ಆದದ್ದಲ್ಲ, ಸಂವಿಧಾನ ಬರೆದವರು ಬಯಸಿದ್ದೇ ಹೀಗೆ. 1947ರ ಜುಲೈನಲ್ಲಿ ಸಂವಿಧಾನ ರಚನಾ ಸಭೆಯ ಮುಂದೆ ಈ ವಿಷಯ ಬಂದಾಗ ಜವಾಹರಲಾಲ್ ನೆಹರೂ ಎರಡು ಕಡೆಯ ಅಪಾಯವನ್ನೂ ವಿವರಿಸಿದರು. ಜನರೇ ನೇರವಾಗಿ ಆರಿಸಿದರೆ ನಿಜವಾದ ಅಧಿಕಾರವಿಲ್ಲದ ಸ್ಥಾನಕ್ಕೆ ದೇಶದಷ್ಟು ದೊಡ್ಡ ಚುನಾವಣೆ ನಡೆಸಿದಂತಾಗುತ್ತದೆ. ಸಂಸತ್ತು ಮಾತ್ರ ಆರಿಸಿದರೆ ಮಂತ್ರಿಮಂಡಲ ರಚಿಸಿದ ಪಕ್ಷವೇ ರಾಷ್ಟ್ರಪತಿಯನ್ನೂ ಕೂರಿಸಿಕೊಳ್ಳುತ್ತದೆ. ಇವೆರಡರ ನಡುವೆ ಸಿಕ್ಕ ದಾರಿಯೇ ರಾಜ್ಯಗಳ ಶಾಸಕರನ್ನೂ ಮತದಾರರನ್ನಾಗಿ ಮಾಡುವುದು. ಅರ್ಥಶಾಸ್ತ್ರಜ್ಞ ಕೆ.ಟಿ. ಷಾ ಇದನ್ನು ಒಪ್ಪದೆ ವಯಸ್ಕ ಮತದಾನದ ಮೂಲಕ ನೇರ ಆಯ್ಕೆ ಆಗಬೇಕೆಂದು ಹಟ ಹಿಡಿದರು. ಅಂಬೇಡ್ಕರ್ ಅದನ್ನು ತಳ್ಳಿಹಾಕಿದರು. ಅದೇ ಷಾ 1952ರಲ್ಲಿ ತಾವು ವಿರೋಧಿಸಿದ್ದ ಪದ್ಧತಿಯಲ್ಲೇ ರಾಜೇಂದ್ರ ಪ್ರಸಾದರ ಎದುರು ನಿಂತು 92,827 ಮತಗಳನ್ನು ಪಡೆದು ಸೋತರು. ಪ್ರಸಾದರಿಗೆ ಬಂದದ್ದು 5,07,400. ಸಂವಿಧಾನದ 55ನೇ ವಿಧಿಯ ಲೆಕ್ಕಾಚಾರ ಸರಳ: ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತದ ಮೌಲ್ಯ ಸಿಗುತ್ತದೆ. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014, ಶಾಸಕರು 224, ಆದ್ದರಿಂದ ಒಂದು ಮತಕ್ಕೆ 131. ಉತ್ತರ ಪ್ರದೇಶದ ಶಾಸಕರ ಮತಕ್ಕೆ 208, ಸಿಕ್ಕಿಮಿನವರಿಗೆ 7. ಹೀಗೆ ಎಲ್ಲ ಶಾಸಕರ ಮತಮೌಲ್ಯ ಕೂಡಿಸಿ, ಆ ಮೊತ್ತವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಒಬ್ಬ ಸಂಸದರ ಮತದ ಮೌಲ್ಯ. ಅಂದರೆ ದೆಹಲಿಯ ಮತಕ್ಕೂ ಬೆಲೆ ಕಟ್ಟುವುದು ರಾಜ್ಯಗಳ ಲೆಕ್ಕವೇ.

ಮೊದಲ ಹದಿನೈದು ವರ್ಷ ಈ ಯಂತ್ರದ ಶಕ್ತಿ ಯಾರಿಗೂ ಕಾಣಲಿಲ್ಲ, ಏಕೆಂದರೆ ಬಹುತೇಕ ರಾಜ್ಯಗಳಲ್ಲಿ ಕಾಂಗ್ರೆಸ್ಸೇ ಇತ್ತು. 1957ರಲ್ಲಿ ರಾಜೇಂದ್ರ ಪ್ರಸಾದರಿಗೆ ಚಲಾವಣೆಯಾದ ಮತಗಳಲ್ಲಿ ಸುಮಾರು ಶೇಕಡಾ 99, 1962ರಲ್ಲಿ ರಾಧಾಕೃಷ್ಣನ್ ಅವರಿಗೆ ಶೇಕಡಾ 98 ಬಂದವು. 1967ರ ಫೆಬ್ರವರಿಯ ಚುನಾವಣೆ ಈ ಸಮತಟ್ಟಾದ ನೆಲವನ್ನು ಒಡೆಯಿತು. ಮದ್ರಾಸಿನಲ್ಲಿ ಡಿಎಂಕೆ ಗೆದ್ದಿತು. ಕೇರಳ, ಪಶ್ಚಿಮ ಬಂಗಾಳ, ಬಿಹಾರ, ಪಂಜಾಬ್, ಒರಿಸ್ಸಾಗಳಲ್ಲಿ ಕಾಂಗ್ರೆಸ್ಸಿಗೆ ಬಹುಮತ ಸಿಗಲಿಲ್ಲ. ಆದರೂ ಲೋಕಸಭೆಯ 520 ಸ್ಥಾನಗಳಲ್ಲಿ 283 ಅದರ ಕೈಯಲ್ಲೇ ಇದ್ದವು, ಪ್ರಧಾನಿಯ ಕುರ್ಚಿ ಅಲುಗಲಿಲ್ಲ. ಅಲುಗಿದ್ದು ರಾಷ್ಟ್ರಪತಿ ಚುನಾವಣೆ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸ್ಥಾನ ಬಿಟ್ಟು ಬಂದ ಕೋಕಾ ಸುಬ್ಬರಾವ್ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ 3,63,971 ಮತ ಗಳಿಸಿದರು. ಗೆದ್ದ ಜಾಕಿರ್ ಹುಸೇನರಿಗೆ ಬಂದದ್ದು 4,71,244. ಐದು ವರ್ಷದ ಹಿಂದೆ ಶೇಕಡಾ ಎರಡನ್ನೂ ಮುಟ್ಟದಿದ್ದ ಎದುರಾಳಿ ಪಾಲು ಶೇಕಡಾ 43ಕ್ಕೆ ಏರಿತ್ತು.

ಜಾಕಿರ್ ಹುಸೇನ್ 1969ರ ಮೇ 3ರಂದು ತೀರಿಕೊಂಡಾಗ ಈ ಬಿರುಕಿನ ಪೂರ್ಣ ಅರ್ಥ ತಿಳಿಯಿತು. ಆ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ಸೇರಿತ್ತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಸಂಸದೀಯ ಮಂಡಳಿ ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿದ್ದು ಇಲ್ಲಿಯೇ. ವಿ.ವಿ. ಗಿರಿ ಸ್ವತಂತ್ರವಾಗಿ ನಿಂತರು, ಪ್ರಧಾನಿ ಆತ್ಮಸಾಕ್ಷಿಯ ಮತಕ್ಕೆ ಕರೆಕೊಟ್ಟರು. ಇತಿಹಾಸದ ಪುಸ್ತಕಗಳು ಈ ಘಟನೆಯನ್ನು ಕಾಂಗ್ರೆಸ್ಸಿನ ಮನೆಜಗಳವೆಂದೇ ಹೇಳುತ್ತವೆ. ಅದು ಅರ್ಧ ಸತ್ಯ. ಗಿರಿಯವರಿಗೆ ಮೊದಲ ಪ್ರಾಶಸ್ತ್ಯದ 4,01,515 ಮತಗಳು ಬಂದವು, ಗೆಲ್ಲಲು ಬೇಕಾದದ್ದಕ್ಕಿಂತ ಕಡಿಮೆ. ಎರಡನೇ ಪ್ರಾಶಸ್ತ್ಯವನ್ನೂ ಎಣಿಸಿದ ಮೇಲೆ 4,20,077 ಆಯಿತು, ರೆಡ್ಡಿಯವರದು 4,05,427ಕ್ಕೆ ನಿಂತಿತು. ಅಂತರ 14,650. ಆ ವರ್ಷದ ಫೆಬ್ರವರಿಯಲ್ಲಷ್ಟೇ ಪಶ್ಚಿಮ ಬಂಗಾಳದ ಮಧ್ಯಂತರ ಚುನಾವಣೆಯಲ್ಲಿ ಸಂಯುಕ್ತ ರಂಗ 280ರಲ್ಲಿ ಇನ್ನೂರಕ್ಕೂ ಹೆಚ್ಚು ಸ್ಥಾನ ಗೆದ್ದಿತ್ತು. 1961ರ ಜನಗಣತಿಯ ಪ್ರಕಾರ ಅಲ್ಲಿನ ಒಬ್ಬ ಶಾಸಕರ ಮತ 125. ಆ ರಾಜ್ಯವೊಂದರಲ್ಲೇ ಗಿರಿಯವರ ಕಡೆಯ 59 ಶಾಸಕರು ಅತ್ತಲಿಂದ ಇತ್ತ ಸರಿದಿದ್ದರೆ ಫಲಿತಾಂಶ ತಲೆಕೆಳಗಾಗುತ್ತಿತ್ತು. ಕಮ್ಯುನಿಸ್ಟರು, ಡಿಎಂಕೆ, ಅಕಾಲಿ ದಳ ಕೊಟ್ಟ ಮತಗಳಿಲ್ಲದೆ ಆತ್ಮಸಾಕ್ಷಿಯೊಂದರಿಂದ ಗಿರಿ ಗೆಲ್ಲುವಂತಿರಲಿಲ್ಲ. ಆ ಮತಗಳನ್ನು ಅವರಿಗೆ ಒದಗಿಸಿದ್ದು 1967 ಮತ್ತು 1969ರ ರಾಜ್ಯ ಚುನಾವಣೆಗಳು.

ವಿಧಾನಸಭೆಗಳ ಬೆಲೆ ದೆಹಲಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ 1977ಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಫಕ್ರುದ್ದೀನ್ ಅಲಿ ಅಹಮದ್ ಆ ಫೆಬ್ರವರಿಯಲ್ಲಿ ನಿಧನರಾದರು. ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಆರು ತಿಂಗಳೊಳಗೆ ಹೊಸ ರಾಷ್ಟ್ರಪತಿ ಆಯ್ಕೆಯಾಗಲೇಬೇಕಿತ್ತು. ಮಾರ್ಚಿನಲ್ಲಿ ಲೋಕಸಭೆ ಗೆದ್ದ ಜನತಾ ಪಕ್ಷದ ಎದುರು ಕಾಂಗ್ರೆಸ್ ತುಂಬಿದ ವಿಧಾನಸಭೆಗಳು ಹಾಗೇ ಕುಳಿತಿದ್ದವು. ಗೃಹ ಸಚಿವ ಚರಣ್ ಸಿಂಗ್ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ವಿಧಾನಸಭೆ ವಿಸರ್ಜಿಸಲು ಸೂಚಿಸಿದರು. ಜನರ ವಿಶ್ವಾಸ ಕಳೆದುಕೊಂಡವರು ಮತ್ತೆ ಜನರ ಬಳಿ ಹೋಗಲಿ ಎಂಬುದು ಹೊರಗೆ ಹೇಳಿದ ಕಾರಣ. ರಾಷ್ಟ್ರಪತಿ ಚುನಾವಣೆಯ ಲೆಕ್ಕವೂ ಹಿಂದಿದೆ ಎಂಬ ಮಾತು ಆಗಲೇ ಕೇಳಿಬಂದಿತ್ತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಸೋತವು. ಜತ್ತಿಯವರು ಅಂಕಿತ ಹಾಕಲು ಹಿಂದೇಟು ಹಾಕಿ, ಸಂಪುಟ ಪಟ್ಟು ಹಿಡಿದ ಮೇಲೆ ಏಪ್ರಿಲ್ 30ರಂದು ಸಹಿ ಮಾಡಿದರು. ಜೂನಿನಲ್ಲಿ ಆ ರಾಜ್ಯಗಳ ಚುನಾವಣೆ ನಡೆದು ಬಹುಪಾಲು ಜನತಾ ಪಕ್ಷದ ಮಡಿಲಿಗೆ ಬಿದ್ದವು. ಜುಲೈಯಲ್ಲಿ, ಎಂಟು ವರ್ಷದ ಹಿಂದೆ ಸೋತಿದ್ದ ಅದೇ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು. ಈ ಅಡ್ಡದಾರಿಯನ್ನು ಕೊನೆಗೂ ಬಿಗಿಗೊಳಿಸಿದ್ದು ಕರ್ನಾಟಕದಿಂದ ಹೊರಟ ಮೊಕದ್ದಮೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಷ್ಟ್ರಪತಿ ಆಳ್ವಿಕೆಗೆ ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸಬಾರದೆಂದು ತೀರ್ಪಿತ್ತಿತು.

ಇದೆಲ್ಲ ಹಳೆಯ ಕಥೆ, 1969ರ ನಂತರ ಒಂದೂ ಬಿಗಿಯಾದ ಸ್ಪರ್ಧೆ ನಡೆದಿಲ್ಲವಲ್ಲ ಎಂದು ಕೇಳಬಹುದು. ನಿಜ, ಎಣಿಕೆಯ ದಿನ ಯಾರೂ ಉಸಿರು ಬಿಗಿಹಿಡಿದು ಕಾದಿಲ್ಲ. ಆದರೆ ಅದಕ್ಕೆ ಕಾರಣ, ನಿರ್ಣಯ ಕೆಲವೇ ತಿಂಗಳ ಮೊದಲು ಬೇರೆಡೆ ಆಗಿರುತ್ತದೆ ಎಂಬುದು. 2002ರಿಂದ ಉತ್ತರ ಪ್ರದೇಶದ ವಿಧಾನಸಭೆ ಚುನಾವಣೆಯೂ ರಾಷ್ಟ್ರಪತಿ ಚುನಾವಣೆಯೂ ಐದೈದು ವರ್ಷಕ್ಕೊಮ್ಮೆ ಒಂದೇ ವರ್ಷದಲ್ಲಿ ಬೀಳುತ್ತಿವೆ, ವಿಧಾನಸಭೆಯದು ಮೊದಲು. 2007ರ ಮೇನಲ್ಲಿ ಬಿಎಸ್‌ಪಿ ಅಲ್ಲಿ 206 ಸ್ಥಾನ ಗೆದ್ದಿತು. ಜುಲೈಯಲ್ಲಿ ಮಾಯಾವತಿ ಪ್ರತಿಭಾ ಪಾಟೀಲರ ಬೆನ್ನಿಗೆ ನಿಂತರು. 2012ರ ಮಾರ್ಚಿನಲ್ಲಿ ಸಮಾಜವಾದಿ ಪಕ್ಷ 224 ಸ್ಥಾನ ಪಡೆಯಿತು, ಅಂದರೆ 46,592 ಮತಗಳು. ಮುಲಾಯಂ ಸಿಂಗ್ ಮೊದಲು ಮಮತಾ ಬ್ಯಾನರ್ಜಿಯವರ ಜತೆ ಸೇರಿ ಬೇರೆ ಹೆಸರುಗಳನ್ನು ತೇಲಿಬಿಟ್ಟು, ಆಮೇಲೆ ಪ್ರಣಬ್ ಮುಖರ್ಜಿಯವರತ್ತ ಹೊರಳಿದ ಕೂಡಲೇ ಸ್ಪರ್ಧೆ ಮುಗಿದಂತಾಯಿತು. 2017ರ ಮಾರ್ಚಿನಲ್ಲಿ ಬಿಜೆಪಿ ಅಲ್ಲಿ 312 ಸ್ಥಾನ ಗೆದ್ದದ್ದು ರಾಮನಾಥ ಕೋವಿಂದರ ದಾರಿಯನ್ನು ಸಲೀಸು ಮಾಡಿತು.

ಇನ್ನೊಂದು ಆಕ್ಷೇಪ ಗಣಿತದ್ದು: ಒಟ್ಟು ಮತಮೌಲ್ಯದ ಅರ್ಧ ಸಂಸದರದ್ದೇ ಆಗಿರುವಾಗ ರಾಜ್ಯಗಳಿಗೆ ಮೇಲುಗೈ ಎಲ್ಲಿಯದು? 2022ರ ಲೆಕ್ಕ ನೋಡೋಣ. ಶಾಸಕರದು 5,43,231, ಸಂಸದರದು 5,43,200. ಆದರೆ ಸಂಸದರಲ್ಲಿ 233 ಸ್ಥಾನಗಳು ರಾಜ್ಯಸಭೆಯವು, ಅವರನ್ನು ಆರಿಸಿ ಕಳಿಸುವವರೂ ಶಾಸಕರೇ. ತಲಾ 700ರಂತೆ ಅವರ 1,63,100 ಮತಗಳನ್ನು ರಾಜ್ಯಗಳ ಖಾತೆಗೆ ಸೇರಿಸಿದರೆ ವಿಧಾನಸಭೆ ಚುನಾವಣೆಗಳಿಂದ ಹುಟ್ಟುವ ಪಾಲು ಶೇಕಡಾ 65 ಆಗುತ್ತದೆ. ಯಾವುದೋ ವಿಧಾನಸಭೆ ಇಲ್ಲದೆಯೂ ಚುನಾವಣೆ ನಡೆಯುತ್ತದಲ್ಲ ಎಂಬ ಮಾತೂ ಇದೆ. 1974ರಲ್ಲಿ ಗುಜರಾತ್ ವಿಧಾನಸಭೆ ವಿಸರ್ಜನೆಯಾಗಿದ್ದರೂ ಚುನಾವಣೆ ನಿಲ್ಲಬಾರದೆಂದು ಸುಪ್ರೀಂ ಕೋರ್ಟು ಹೇಳಿತು, ಸರಿಯೇ. ಅವಧಿ ಮುಗಿಯುವ ಮೊದಲು ಆಯ್ಕೆ ನಡೆಯಲೇಬೇಕೆಂಬ ನಿಯಮಕ್ಕೆ ಅದು ಅನಿವಾರ್ಯ. ಆದರೆ 2022ರಲ್ಲಿ ಜಮ್ಮು ಕಾಶ್ಮೀರಕ್ಕೆ ವಿಧಾನಸಭೆ ಇಲ್ಲದ್ದರಿಂದ ದೇಶದ ಪ್ರತಿಯೊಬ್ಬ ಸಂಸದರ ಮತವೂ 708ರಿಂದ 700ಕ್ಕೆ ಇಳಿಯಿತು. ಒಂದು ವಿಧಾನಸಭೆಯ ಗೈರುಹಾಜರಿಗೆ ಸಂಸತ್ತೂ ದಂಡ ತೆತ್ತಿತು.

ಗಂಭೀರವಾದ ಆಕ್ಷೇಪ ಬೇರೆಯದು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರು, ಯಾರು ಆರಿಸಿದರೇನು? ಶೇಕಡಾ 80 ಮತ ಪಡೆದು, ಬಹುತೇಕ ರಾಜ್ಯಗಳು ಒಂದೇ ಪಕ್ಷದ ಹಿಡಿತದಲ್ಲಿದ್ದ 1974ರಲ್ಲಿ ಆಯ್ಕೆಯಾದ ಫಕ್ರುದ್ದೀನ್ ಅಲಿ ಅಹಮದ್ ಮರುವರ್ಷ ತುರ್ತು ಪರಿಸ್ಥಿತಿಗೆ ಸಹಿ ಹಾಕಿದರು. 1997ರಲ್ಲಿ ಯಾವ ಪಕ್ಷಕ್ಕೂ ಒಬ್ಬಂಟಿ ಬಲವಿಲ್ಲದಾಗ ಕಾಂಗ್ರೆಸ್, ಸಂಯುಕ್ತ ರಂಗ, ಬಿಜೆಪಿ ಮೂರರ ಒಪ್ಪಿಗೆಯಿಂದ ಬಂದ ಕೆ.ಆರ್. ನಾರಾಯಣನ್, ಅದೇ ವರ್ಷ ಉತ್ತರ ಪ್ರದೇಶ ಸರ್ಕಾರವನ್ನೂ ಮರುವರ್ಷ ಬಿಹಾರ ಸರ್ಕಾರವನ್ನೂ ವಜಾ ಮಾಡುವ ಸಂಪುಟದ ಸಲಹೆಗಳನ್ನು ಮರುಪರಿಶೀಲನೆಗೆ ವಾಪಸು ಕಳಿಸಿದರು. ಇದರಲ್ಲಿ ವ್ಯಕ್ತಿಯ ಗಟ್ಟಿತನದ ಪಾಲು ದೊಡ್ಡದು, ಒಪ್ಪೋಣ. ಆದರೆ ಯಾವ ಪಕ್ಷದ ಋಣವೂ ಒಂಟಿಯಾಗಿ ಮೈಮೇಲಿಲ್ಲದ ರಾಷ್ಟ್ರಪತಿಗೆ ಕಡತವನ್ನು ಹಿಂದಿರುಗಿಸುವುದು ಸುಲಭ. ಆ ಸ್ವಾತಂತ್ರ್ಯ ಹುಟ್ಟುವುದು ರಾಜ್ಯಗಳ ವೈವಿಧ್ಯದಿಂದಲೇ. 1947ರಲ್ಲಿ ನೆಹರೂ ಹೇಳಿದ್ದೂ ಅದನ್ನೇ.

ಈ ವ್ಯವಸ್ಥೆಯ ಅಡಿಪಾಯ ಈಗ ಮತ್ತೆ ಚರ್ಚೆಗೆ ಬರಲಿದೆ. ಮತಮೌಲ್ಯಕ್ಕೆ 1971ರ ಜನಸಂಖ್ಯೆಯನ್ನೇ ಆಧಾರವಾಗಿ 1976ರ 42ನೇ ತಿದ್ದುಪಡಿ ನಿಲ್ಲಿಸಿತು. 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಇಂದಿನ ಜನರನ್ನು ಅರ್ಧ ಶತಮಾನದ ಹಿಂದಿನ ತಲೆಲೆಕ್ಕದಿಂದ ತೂಗುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲವೆಂಬ ವಾದದಲ್ಲಿ ಹುರುಳಿದೆ. ಆದರೆ ಜನಸಂಖ್ಯೆಯಲ್ಲಿ ತಮಿಳುನಾಡಿನ ಪಾಲು 1971ರಲ್ಲಿ ಶೇಕಡಾ 7.5 ಇದ್ದದ್ದು 2011ಕ್ಕೆ 6ಕ್ಕೆ ಇಳಿದಿತ್ತು, ಕರ್ನಾಟಕದ್ದು 5.3ರಿಂದ 5ಕ್ಕೆ, ಜನನ ಪ್ರಮಾಣ ತಗ್ಗಿಸಿದ ರಾಜ್ಯಗಳಿಗೆ ಅದಕ್ಕಾಗಿಯೇ ದಂಡ ಬೀಳಬಾರದು ಎಂಬ ವಾದವೂ ಅಷ್ಟೇ ನ್ಯಾಯದ್ದು. ಕ್ಷೇತ್ರ ಮರುವಿಂಗಡಣೆಯ ಬಗ್ಗೆ ಮಾತಾಡುವವರೆಲ್ಲ ಲೋಕಸಭೆಯ ಸ್ಥಾನಗಳನ್ನಷ್ಟೇ ಎಣಿಸುತ್ತಿದ್ದಾರೆ. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ವಿಧಾನಸಭೆಗಿರುವ 29,344 ಮತಗಳೂ ಅದೇ ತಕ್ಕಡಿಯಲ್ಲಿವೆ. ಅವುಗಳ ಪರವಾಗಿ ದನಿ ಎತ್ತಬೇಕಾದವರು ಆ ಮತಗಳನ್ನು ಹಾಕುವ 224 ಶಾಸಕರು; ಅವರನ್ನು ಎಚ್ಚರಿಸಬೇಕಾದವರು ಅವರನ್ನು ಆರಿಸಿದ ನಾವು.