ಎಂದೂ ಭೇಟಿಯಾಗದ ಲೇಖಕರಿಗೆ ಕಾಯಿಲೆ ಬಂದರೆ ನಮಗೇಕೆ ದುಃಖ?

ನೆಂಟರಲ್ಲ, ನೆರೆಮನೆಯವರಲ್ಲ, ಒಮ್ಮೆಯೂ ಎದುರು ಕೂತು ಮಾತಾಡಿದವರಲ್ಲ. ಆದರೂ ವರ್ಷಗಟ್ಟಲೆ ಓದಿದ ಲೇಖಕರಿಗೆ ವಾಸಿಯಾಗದ ಕಾಯಿಲೆ ಎಂಬ ಸುದ್ದಿ ಮೊಬೈಲ್‌ನಲ್ಲಿ ಕಂಡರೆ ಎದೆ ಭಾರವಾಗುತ್ತದೆ. ಮನೆಯಲ್ಲಿ ಹೇಳಿಕೊಂಡರೆ "ಅವರ್ಯಾರೋ, ನೀನ್ಯಾರೋ, ಇದಕ್ಕೆಲ್ಲ ಬೇಜಾರು ಮಾಡ್ಕೊಳ್ತಾರಾ?" ಎಂಬ ಮಾತು ಬರುತ್ತದೆ. ಅಷ್ಟರಲ್ಲಿ ಗ್ರೂಪಿನಲ್ಲಿ ಒಬ್ಬರು "ಓಂ ಶಾಂತಿ" ಹಾಕಿಬಿಟ್ಟಿರುತ್ತಾರೆ, ಇನ್ನೊಬ್ಬರು ಮನೆಮದ್ದು ಕಳಿಸಿರುತ್ತಾರೆ.

ಈ ದುಃಖ ಸಹಜವೇ? ಅದನ್ನಿಟ್ಟುಕೊಂಡು ಏನು ಮಾಡಬೇಕು? ಇಂಗ್ಲೆಂಡಿನ ಫ್ಯಾಂಟಸಿ ಲೇಖಕ ಟೆರಿ ಪ್ರ್ಯಾಚೆಟ್ ಮತ್ತು ಅವರ ಓದುಗರ ಕಥೆಯಲ್ಲಿ ಎರಡಕ್ಕೂ ಉತ್ತರವಿದೆ.

ಯಾರು ಈ ಪ್ರ್ಯಾಚೆಟ್?

1948ರಲ್ಲಿ ಹುಟ್ಟಿದ ಪ್ರ್ಯಾಚೆಟ್ ಅವರ ಹೆಸರಾಂತ ಸರಣಿ 'ಡಿಸ್ಕ್‌ವರ್ಲ್ಡ್'. ತಟ್ಟೆಯಂತಹ ಚಪ್ಪಟೆ ಲೋಕ, ಅದನ್ನು ಹೊತ್ತ ನಾಲ್ಕು ಆನೆಗಳು, ಆ ಆನೆಗಳನ್ನು ಹೊತ್ತು ಆಕಾಶದಲ್ಲಿ ಈಜುವ ದೈತ್ಯ ಆಮೆ. ನಮಗೆ ಪುರಾಣದ ಕೂರ್ಮ ಮತ್ತು ದಿಗ್ಗಜಗಳು ನೆನಪಾದರೆ ಆಶ್ಚರ್ಯವಿಲ್ಲ. 1983ರಲ್ಲಿ ಶುರುವಾದ ಈ ಸರಣಿಯಲ್ಲಿ ಒಟ್ಟು 41 ಕಾದಂಬರಿಗಳಿವೆ. ಓದುಗರು ತುಂಬ ಹಚ್ಚಿಕೊಂಡ ಪಾತ್ರಗಳಲ್ಲೊಂದು ಸಾಕ್ಷಾತ್ ಮೃತ್ಯು. ಈ ಕಥೆಗಳಲ್ಲಿ ಸಾವು ಕ್ರೂರಿಯಲ್ಲ. ಬೆಕ್ಕುಗಳೆಂದರೆ ಪ್ರಾಣ, ಮನುಷ್ಯರ ಬಗ್ಗೆ ಕುತೂಹಲ.

2007ರಲ್ಲಿ ಏನಾಯಿತು?

ಆ ವರ್ಷ ಪ್ರ್ಯಾಚೆಟ್‌ಗೆ ಟೈಪ್ ಮಾಡುವಾಗ ತಪ್ಪುಗಳು ಹೆಚ್ಚತೊಡಗಿದವು, ಕಾಗುಣಿತ ಕೈಕೊಡತೊಡಗಿತು. ಮೊದಲು ಸಣ್ಣದೊಂದು ಸ್ಟ್ರೋಕ್ ಆಗಿರಬೇಕು ಎಂದು ಭಾವಿಸಲಾಗಿತ್ತು. ಡಿಸೆಂಬರ್‌ನಲ್ಲಿ ಅವರೇ ಸುದ್ದಿ ಹೊರಹಾಕಿದರು: ತಮಗಿರುವುದು ಅಲ್ಝೈಮರ್ ಕಾಯಿಲೆಯ ಅಪರೂಪದ ಬಗೆ. ಆಗ ಅವರ ವಯಸ್ಸು 59.

ಆ ಹೇಳಿಕೆಯಲ್ಲಿ ಎರಡು ಮಾತುಗಳನ್ನು ಅವರು ತಮ್ಮ ಎಂದಿನ ತಮಾಷೆಯ ಧಾಟಿಯಲ್ಲೇ ಸ್ಪಷ್ಟಪಡಿಸಿದ್ದರು. ಒಂದು, ಇದರರ್ಥ ನಾನು ಸತ್ತಿದ್ದೇನೆ ಎಂದಲ್ಲ. ಎರಡು, ಸಹಾಯ ಮಾಡುತ್ತೇವೆ ಎನ್ನುವವರು ಮೆದುಳಿನ ರಸಾಯನದಲ್ಲಿ ನಿಜಕ್ಕೂ ಪರಿಣತರಾಗಿದ್ದರೆ ಮಾತ್ರ ಮುಂದೆ ಬನ್ನಿ. "ಓಂ ಶಾಂತಿ" ಮತ್ತು ಮನೆಮದ್ದು, ಎರಡಕ್ಕೂ ಅವರು ಮೊದಲೇ ಬಾಗಿಲು ಹಾಕಿದ್ದರು ಅನ್ನಿ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫ್ಯಾಂಟಸಿ ಲೇಖಕ ರಾಬರ್ಟ್ ಜೋರ್ಡನ್ ಹೃದಯದ ಅಪರೂಪದ ಕಾಯಿಲೆಯಿಂದ ತೀರಿಕೊಂಡಿದ್ದರು. ಅವರ 'ದಿ ವೀಲ್ ಆಫ್ ಟೈಮ್' ಸರಣಿ ಆಗಿನ್ನೂ ಮುಗಿದಿರಲಿಲ್ಲ. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್ಸನ್ ಕಥೆ ಮುಂದುವರಿಸಿದರು. ಕೊನೆಯ ಸಂಪುಟ ಬಂದದ್ದು 2013ರಲ್ಲಿ. ಫ್ಯಾಂಟಸಿ ಓದುಗರ ಕಳವಳಕ್ಕೆ ಈ ಇನ್ನೊಂದು ಮುಖವೂ ಇದೆ. ಹೈಸ್ಕೂಲಿನಲ್ಲಿ ಹಿಡಿದ ಕಥೆ ಮಕ್ಕಳಾದ ಮೇಲೂ ಮುಗಿದಿರುವುದಿಲ್ಲ. ಲೇಖಕರು ಹಾಸಿಗೆ ಹಿಡಿದರೆ ನಾವು ಅರ್ಧ ಆಯುಷ್ಯ ಓಡಾಡಿದ ಊರೊಂದು ಅಲ್ಲೇ ನಿಂತುಹೋದಂತೆ ಅನಿಸುತ್ತದೆ.

ಈ ದುಃಖ ಹುಚ್ಚುತನವೇ?

ಖಂಡಿತ ಅಲ್ಲ. ರೇಡಿಯೋ, ಟಿವಿಯಲ್ಲಿ ಕಾಣುವವರ ಜೊತೆ ನೋಡುಗರಿಗೆ ಬೆಳೆಯುವ ಒಂದು ಕಡೆಯ ಆಪ್ತತೆಯನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಲ್ಲೇ ವಿವರಿಸಿ, ಅದಕ್ಕೆ 'ಪ್ಯಾರಾಸೋಷಿಯಲ್' ಎಂಬ ಹೆಸರಿಟ್ಟರು. ಅವರಿಗೆ ನಾವು ಯಾರೆಂದೇ ಗೊತ್ತಿರುವುದಿಲ್ಲ, ನಮಗೆ ಮಾತ್ರ ಅವರು ಮನೆಯವರಂತೆ. ಪುಸ್ತಕದ ವಿಷಯದಲ್ಲಿ ಈ ನಂಟು ಇನ್ನೂ ಗಟ್ಟಿ. ಪರೀಕ್ಷೆಯಲ್ಲಿ ಫೇಲಾದ ರಾತ್ರಿ, ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ ದಿನ, ಕೈಯಲ್ಲಿದ್ದದ್ದು ಅವರ ಪುಸ್ತಕ. ಆ ಮಾತುಗಳನ್ನು ನಾವು ಓದಿದ್ದು ನಮ್ಮದೇ ಮನಸ್ಸಿನ ದನಿಯಲ್ಲಿ.

ಇನ್ನೊಂದು ವಿಷಯ, ದುಃಖ ಸಾವಿನ ನಂತರವೇ ಬರಬೇಕೆಂದಿಲ್ಲ. ಯುದ್ಧಕ್ಕೆ ಹೋದವರ ಮನೆಯವರು ಸಾವಿನ ಸುದ್ದಿ ಬರುವ ಮೊದಲೇ ಶೋಕಿಸುವುದನ್ನು ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ಗುರುತಿಸಿದ್ದರು. ವಾಸಿಯಾಗದ ಕಾಯಿಲೆಯ ಸುದ್ದಿ ಕೇಳಿದಾಗ ಆಗುವುದೂ ಇದೇ. ಜೊತೆಗೆ, ಈ ನೋವಿಗೆ ಸಾಂತ್ವನ ಹೇಳಲು ಯಾರೂ ಮನೆಗೆ ಬರುವುದಿಲ್ಲ. ಸುತ್ತಲಿನವರು ನೋವೆಂದೇ ಒಪ್ಪದ ನೋವು ಇನ್ನಷ್ಟು ಒಂಟಿ ಮಾಡುತ್ತದೆ.

ಕಾಯಿಲೆಯ ಬಗ್ಗೆ ಹರಿದಾಡುವ ನಂಬಿಕೆಗಳು

ನಂಬಿಕೆ: ಅಲ್ಝೈಮರ್ ಎಂದರೆ ವಯಸ್ಸಾದವರ ಮರೆವು.

ವಾಸ್ತವ: ಇದು ವಯಸ್ಸಿನ ಸಹಜ ಲಕ್ಷಣವಲ್ಲ, ಮೆದುಳಿನ ಕಾಯಿಲೆ. ಪ್ರ್ಯಾಚೆಟ್‌ಗೆ ಬಂದದ್ದು ಮೆದುಳಿನ ಹಿಂಭಾಗದಲ್ಲಿ ಶುರುವಾಗುವ ಬಗೆ. ಹೆಸರು ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ. ಕಣ್ಣು ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಭಾಗ ಅದು. ಹಾಗಾಗಿ ಮೊದಮೊದಲು ನೆನಪು, ಮಾತು ಚೆನ್ನಾಗೇ ಇರುತ್ತವೆ. ಆದರೆ ಎದುರಿಗೇ ಇರುವ ಲೋಟ ಕಾಣಿಸುವುದಿಲ್ಲ, ಓದುವಾಗ ಸಾಲು ತಪ್ಪುತ್ತದೆ, ಮೆಟ್ಟಿಲಿನ ಅಂದಾಜು ಸಿಗುವುದಿಲ್ಲ, ಅಂಗಿಯ ಗುಂಡಿ ಹಾಕುವುದೂ ಕಷ್ಟ. ಸಾಮಾನ್ಯವಾಗಿ 50ರಿಂದ 65ರ ವಯಸ್ಸಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಕನ್ನಡಕ ಬದಲಿಸಿದರೂ ಸರಿಹೋಗದೆ, ಕಣ್ಣಿನ ಡಾಕ್ಟರು "ಕಣ್ಣು ಸರಿಯಾಗಿದೆ" ಎಂದರೆ ನರರೋಗ ತಜ್ಞರನ್ನು ಕಾಣುವುದು ಒಳ್ಳೆಯದು.

ನಂಬಿಕೆ: ಸದಾ ಓದುವವರಿಗೆ, ಬರೆಯುವವರಿಗೆ ಇದು ಬರುವುದಿಲ್ಲ.

ವಾಸ್ತವ: ಶಿಕ್ಷಣ ಮತ್ತು ಮೆದುಳಿಗೆ ಕೆಲಸ ಕೊಡುವ ಹವ್ಯಾಸಗಳು ಅಪಾಯವನ್ನು ಸ್ವಲ್ಪ ತಗ್ಗಿಸಬಹುದು, ಗ್ಯಾರಂಟಿ ಕೊಡುವುದಿಲ್ಲ. ಪ್ರ್ಯಾಚೆಟ್ ವರ್ಷಕ್ಕೆ ಎರಡು ಪುಸ್ತಕ ಬರೆದದ್ದೂ ಉಂಟು. ಕಾದಂಬರಿಗಾರ್ತಿ ಐರಿಸ್ ಮರ್ಡಾಕ್ ಅವರನ್ನೂ ಅಲ್ಝೈಮರ್ ಬಿಡಲಿಲ್ಲ.

ನಂಬಿಕೆ: ತೆಂಗಿನೆಣ್ಣೆ, ಬ್ರಾಹ್ಮಿ, ಬಾದಾಮಿಯಿಂದ ಪೂರ್ತಿ ಗುಣವಾಗುತ್ತದೆ.

ವಾಸ್ತವ: ಅಲ್ಝೈಮರ್ ಅನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಡೊನೆಪೆಜಿಲ್‌ನಂತಹ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಒಂದಷ್ಟು ಕಾಲ ಹತೋಟಿಯಲ್ಲಿಡುತ್ತವೆ. ಇತ್ತೀಚಿನ ಕೆಲವು ಔಷಧಗಳು ಆರಂಭದ ಹಂತದಲ್ಲಿ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ, ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ.

ನಂಬಿಕೆ: ಕಾಯಿಲೆ ಗೊತ್ತಾಯಿತೆಂದರೆ ಎಲ್ಲ ಮುಗಿಯಿತು.

ವಾಸ್ತವ: ಸುದ್ದಿ ತಿಳಿಸಿದ ಮೇಲೂ ಪ್ರ್ಯಾಚೆಟ್ ಏಳು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಟೈಪ್ ಮಾಡಲಾಗದಿದ್ದಾಗ ಸಹಾಯಕರಿಗೆ ಹೇಳಿ ಬರೆಸಿದರು, ಮಾತನ್ನು ಅಕ್ಷರವಾಗಿಸುವ ಸಾಫ್ಟ್‌ವೇರ್ ಬಳಸಿದರು. ಡಿಸ್ಕ್‌ವರ್ಲ್ಡ್‌ನ ಐದು ಕಾದಂಬರಿಗಳು ಹೊರಬಂದದ್ದು ಕಾಯಿಲೆ ಪತ್ತೆಯಾದ ನಂತರ. ಕೊನೆಯದು ಪ್ರಕಟವಾಗುವಾಗ ಅವರಿರಲಿಲ್ಲ.

ಓದುಗರು ಏನು ಮಾಡಿದರು?

2008ರ ಮಾರ್ಚ್‌ನಲ್ಲಿ ಪ್ರ್ಯಾಚೆಟ್ ಅಲ್ಝೈಮರ್ ಸಂಶೋಧನೆಗೆ 10 ಲಕ್ಷ ಡಾಲರ್ ಕೊಡುವುದಾಗಿ ಘೋಷಿಸಿದರು. ಕ್ಯಾನ್ಸರ್ ಸಂಶೋಧನೆಗೆ ಸಿಗುವ ಹಣದ ತೀರಾ ಸಣ್ಣ ಪಾಲು ಮಾತ್ರ ಈ ಕಾಯಿಲೆಗೆ ಸಿಗುತ್ತಿದೆ ಎಂಬುದು ಅವರ ಸಿಟ್ಟು. ಅವರು ಕೊಟ್ಟಷ್ಟೇ ಮೊತ್ತವನ್ನು ನಾವೂ ಕೂಡಿಸೋಣ ಎಂದು ಓದುಗರು ಅಭಿಯಾನ ಶುರುಮಾಡಿದರು. ಅವರ ದುಃಖಕ್ಕೆ ಅಲ್ಲೊಂದು ಕೆಲಸ ಸಿಕ್ಕಿತು. 2009ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರದಲ್ಲಿ ಪ್ರ್ಯಾಚೆಟ್ ತಮ್ಮ ಕಾಯಿಲೆಯನ್ನು ಮುಚ್ಚುಮರೆಯಿಲ್ಲದೆ ತೋರಿಸಿದರು. ಜನ ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಯಿಲೆಯ ಹೆಸರು ಮನೆಮನೆಯ ಮಾತಾಯಿತು.

ನಮಗೂ ಇದು ದೂರದ ವಿಷಯವಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅದಕ್ಕೆ ಮುಖ್ಯ ಕಾರಣ ಅಲ್ಝೈಮರ್. ಹಲವು ಮನೆಗಳಲ್ಲಿ ಇಂದಿಗೂ ಅದಕ್ಕಿರುವ ಹೆಸರು "ಅರಳುಮರಳು".

ಫಾರ್ವರ್ಡ್ ಮಾಡುವ ಮುನ್ನ

• ಕಾಯಿಲೆ ಅಥವಾ ಸಾವಿನ ಸುದ್ದಿಯನ್ನು ಲೇಖಕರ ಕುಟುಂಬ, ಪ್ರಕಾಶಕರು ಅಥವಾ ನಂಬಿಕಸ್ಥ ಪತ್ರಿಕೆ ತಿಳಿಸಿದೆಯೇ ನೋಡಿ. ಬದುಕಿರುವವರಿಗೆ ಶ್ರದ್ಧಾಂಜಲಿ ಹೋದರೆ ಅದನ್ನು ಮೊದಲು ಓದುವುದು ಅವರ ಮನೆಯವರೇ.

• ಆಸ್ಪತ್ರೆಯ ಫೋಟೊ, ವೈದ್ಯಕೀಯ ವರದಿ ಬಂದರೆ ಮುಂದಕ್ಕೆ ಕಳಿಸಬೇಡಿ.

• ಮನೆಮದ್ದಿನ ಬದಲು ಅವರ ಯಾವ ಪುಸ್ತಕ ನಿಮಗೆ ಯಾವಾಗ ಆಸರೆಯಾಯಿತು ಎಂದು ನಾಲ್ಕು ಸಾಲು ಬರೆಯಿರಿ.

• ಅವರ ಹೆಸರಿನಲ್ಲಿ ಹಣ ಕೇಳುವ ಕ್ಯೂಆರ್ ಕೋಡ್ ಬಂದರೆ ಸಂಸ್ಥೆಯ ಅಧಿಕೃತ ವೆಬ್‌ಸೈಟ್‌ನಲ್ಲಿ ಪರಿಶೀಲಿಸಿಕೊಳ್ಳಿ.

• ದುಃಖ ವಾರಗಟ್ಟಲೆ ಇಳಿಯದೆ ಊಟ, ನಿದ್ದೆ ಕೆಡುತ್ತಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ

2015ರ ಮಾರ್ಚ್ 12ರಂದು ಪ್ರ್ಯಾಚೆಟ್ ತೀರಿಕೊಂಡರು. ಅವರ 'ಗೋಯಿಂಗ್ ಪೋಸ್ಟಲ್' ಕಾದಂಬರಿಯಲ್ಲಿ ಗೋಪುರದಿಂದ ಗೋಪುರಕ್ಕೆ ಸಂದೇಶ ದಾಟಿಸುವ ಕೆಲಸಗಾರರಿದ್ದಾರೆ. ತಮ್ಮಲ್ಲೊಬ್ಬ ಸತ್ತಾಗ ಅವನ ಹೆಸರನ್ನು ಅವರು ಆ ಸಾಲಿನಲ್ಲಿ ನಿಲ್ಲದಂತೆ ಓಡಾಡಿಸುತ್ತಲೇ ಇರುತ್ತಾರೆ. ಪ್ರ್ಯಾಚೆಟ್ ಹೋದ ಮೇಲೆ ಓದುಗರು ಅದನ್ನೇ ಮಾಡಿದರು. ಹಲವಾರು ವೆಬ್‌ಸೈಟ್‌ಗಳ ಕೋಡ್‌ನಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ, ಅವರ ಹೆಸರು ಸೇರಿಸಿದರು. ಆ ಪುಟ ತೆರೆದಾಗಲೆಲ್ಲ ಹೆಸರೂ ಜೊತೆಗೆ ಪಯಣಿಸುತ್ತದೆ. ಅದೂ ಒಂದು ಫಾರ್ವರ್ಡೇ. ಅದರಲ್ಲಿ ಸುಳ್ಳಿಲ್ಲ, ಯಾರಿಗೂ ನೋವಿಲ್ಲ.